ಮಳೆಗಾಲದಲ್ಲಿ ನಿಮ್ಮ ಯೂನಿಫಾರ್ಮ್ ಕೂಡ ಹೊಗೆ ವಾಸನೆ ಹೊಡೀತಿತ್ತಾ?

ನಗರದ ಕಡೆಯವಳು:

ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಆದರೂ ಕೇಳ್ತೀನಿ.

ಹೋದ ವಾರ ಬೆಂಗಳೂರಲ್ಲಿ ಒಂದು ಸಂಜೆ ಜೋರು ಮಳೆ. ಮಗಳು ಸ್ಕೂಲ್ ವ್ಯಾನಿನಿಂದ ಇಳಿದು ಲಿಫ್ಟ್ ಹತ್ತುವಷ್ಟರಲ್ಲಿ ಒಂದು ತೋಳು ಒದ್ದೆ ಮಾಡಿಕೊಂಡಿದ್ದಳು. ಅಷ್ಟಕ್ಕೇ ಬಟ್ಟೆ ಮಷಿನ್‌ಗೆ ಹೋಯ್ತು, ಡ್ರೈಯರ್‌ನಿಂದ ಬಿಸಿಬಿಸಿ ಶರ್ಟು ಹೊರಗೆ ಬಂತು. ಸುಮ್ನೆ ಮೂಗಿಗೆ ಹಿಡಿದೆ. ಏನೋ ಹೂವಿನ ವಾಸನೆ. ನನ್ನ ಮೂಗು ಹುಡುಕುತ್ತಿದ್ದದ್ದು ಅಡಿಕೆ ಸಿಪ್ಪೆಯ ಹೊಗೆ ಅಂತ ಆಗ ಗೊತ್ತಾಯ್ತು.

ನಮ್ಮದು ನಗರದ ಕಡೆ. ನಗರ ಅಂದ್ರೆ ಸಿಟಿ ಅಲ್ಲ ಮತ್ತೆ, ಹೊಸನಗರ ತಾಲ್ಲೂಕಿನ ನಗರ, ಹಳೇ ಬಿದನೂರು. ಹುಲಿಕಲ್ ಘಾಟಿ ಅಲ್ಲೇ. ಮಳೆ ಅಂದ್ರೆ ಎಲ್ಲರ ಬಾಯಲ್ಲೂ ಆಗುಂಬೆ. ಕೆಲವು ವರ್ಷ ಹುಲಿಕಲ್ಲೇ ಆಗುಂಬೆಯನ್ನು ಮೀರಿಸುತ್ತೆ ಅಂತ ಮೇಷ್ಟ್ರಿಗೆ ತಿದ್ದೋಕೆ ಹೋಗಿ ನಾನೊಮ್ಮೆ ಬೈಸಿಕೊಂಡಿದ್ದೆ.

ಜೂನ್ ಮೊದಲ ವಾರ ಶಾಲೆ ಶುರು. ಮೃಗಶಿರ ಮಳೆ ಹಿಡಿಯೋದೂ ಅದೇ ಹೊತ್ತಿಗೆ. ಅಲ್ಲಿಂದ ಆರಿದ್ರ, ಪುನರ್ವಸು, ಪುಷ್ಯ ದಾಟಿ ಆಶ್ಲೇಷ ಮುಗಿಯುವವರೆಗೆ ಬಟ್ಟೆ ಬಿಸಿಲಿಗೆ ಒಣಗಿದ್ದು ನನಗೆ ನೆನಪಿಲ್ಲ. ಇದ್ದದ್ದು ಎರಡು ಜೊತೆ ಯೂನಿಫಾರ್ಮ್, ಬಿಳಿ ಶರ್ಟು ನೀಲಿ ಸ್ಕರ್ಟು. ಒಂದು ಮೈಮೇಲೆ, ಇನ್ನೊಂದು ಬಚ್ಚಲು ಒಲೆ ಮೇಲೆ ಕಟ್ಟಿದ ಗಳದ ಮೇಲೆ. ಮೂರು ಕಿಲೋಮೀಟರ್ ನಡಿಗೆ. ಕೊಡೆ ತಲೆ ಕಾಯುತ್ತಿತ್ತು, ಅಷ್ಟೇ. ಮಳೆ ಅಡ್ಡ ಹೊಡೆದರೆ ಸೊಂಟದಿಂದ ಕೆಳಗೆ ದೇವರೇ ಗತಿ. ಮೇಲಿಂದ ಬಂದದ್ದು ಸಾಲದು ಅಂತ ಹವಾಯಿ ಚಪ್ಪಲಿ ಬೆನ್ನಿನವರೆಗೂ ಕೆಸರು ಎರಚುತ್ತಿತ್ತು. ಯಾರು ಓಡಿ ಬಂದವರು, ಯಾರು ನಡೆದು ಬಂದವರು ಅಂತ ಸ್ಕರ್ಟಿನ ಹಿಂಭಾಗ ನೋಡಿ ಹೇಳಬಹುದಿತ್ತು.

ಮಳೆಗಾಲ ಪೂರ್ತಿ ಬಚ್ಚಲು ಒಲೆ ಆರುತ್ತಲೇ ಇರಲಿಲ್ಲ. ಒಂದು ದಪ್ಪ ಕುಂಟೆ, ಸುತ್ತ ಅಡಿಕೆ ಸಿಪ್ಪೆ, ಒಣಗಿದ ಅಡಿಕೆ ಹಾಳೆ. ಹಂಡೆ ನೀರು ಕಾಯೋದು, ಹಲಸಿನ ಬೀಜ ಸುಡೋದು, ಬಟ್ಟೆ ಒಣಗೋದು ಎಲ್ಲ ಅಲ್ಲೇ. ಬೆಳಿಗ್ಗೆ ಅಮ್ಮ ಗಳದಿಂದ ಶರ್ಟು ತೆಗೆದು ಕೊಡುವಾಗ ಬೆನ್ನಿನ ಕಡೆ ಬೆಚ್ಚಗೆ, ಕಂಕುಳ ಹೊಲಿಗೆ ಹತ್ರ ಇನ್ನೂ ತಣ್ಣಗೆ. ಆ ತಣ್ಣನೆ ಹೊಲಿಗೆ ಮೈಗೆ ತಾಗಿದಾಗ ಬರುತ್ತಿದ್ದ ಮುಳ್ಳು ಇದೆಯಲ್ಲ, ಅದು ಯಾವ ಎಸಿಯಲ್ಲೂ ಬರಲ್ಲ.

ತರಗತಿಯಲ್ಲಿ ಎಲ್ಲರೂ ಹೀಗೇ. ಕಣ್ಣು ಮುಚ್ಚಿ ಕೂತರೂ ಪಕ್ಕದಲ್ಲಿ ಯಾರು ಅಂತ ಹೇಳುತ್ತಿದ್ದೆ. ಅಡಿಕೆ ತೋಟದ ಮನೆಯವರದ್ದು ಸಿಪ್ಪೆ ಹೊಗೆ, ಸ್ವಲ್ಪ ಒಗರು. ಕಾಡಿನ ಹಸಿ ಸೌದೆ ಉರಿಸುವವರದ್ದು ಕಣ್ಣು ಉರಿಯುವ ಹೊಗೆ. ಹೋಟೆಲಿನವರ ಹುಡುಗನ ಶರ್ಟು ಮಾತ್ರ ಬೋಂಡಾ ವಾಸನೆ. ಅವನ ಪಕ್ಕ ಕೂರೋಕೆ ಜಗಳ.

ಐದನೇ ಕ್ಲಾಸಿನಲ್ಲಿ ಒಂದು ಅನಾಹುತ ಆಯ್ತು. ಕಿಡಿ ಹಾರಿ ಸ್ಕರ್ಟಿನ ಹಿಂಭಾಗಕ್ಕೆ, ಮಂಡಿಗಿಂತ ಸ್ವಲ್ಪ ಮೇಲೆ, ಎಂಟಾಣೆ ಅಗಲದ ತೂತು. ನಾನು ಅತ್ತು ರಂಪ ಮಾಡಿದೆ. ಅಮ್ಮ ಹಳೇ ಚಡ್ಡಿಯದೊಂದು ತುಂಡು ಹುಡುಕಿ ತೇಪೆ ಹಾಕಿದಳು. ತೇಪೆ ಅಂದರೆ ನಾಚಿಕೆ ಅಂತ ನಾನು ಮೂತಿ ಊದಿಸಿದ್ದಕ್ಕೆ ಮೇಲಿನ ಹೊಲಿಗೆ ಬಿಚ್ಚಿ, "ತಗೋ, ಇದು ಜೇಬು" ಅಂದಳು. ಹಿಂದೆ, ಮಂಡಿ ಹತ್ರ ಜೇಬು! ಕೈ ಹಾಕಬೇಕು ಅಂದ್ರೆ ಕೊಕ್ಕರೆ ಹಾಗೆ ಒಂದು ಕಾಲು ಎತ್ತಬೇಕು. ಆದರೆ ಉಂಬಳಕ್ಕೆ, ಅಂದ್ರೆ ರಕ್ತ ಹೀರುವ ಜಿಗಣೆಗೆ, ಇಡುತ್ತಿದ್ದ ತಂಬಾಕಿನ ಪೊಟ್ಟಣಕ್ಕೆ ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ. ಕಾಲಿಗೆ ಹತ್ತಿದ ಉಂಬಳಕ್ಕೆ ಕಾಲಿನ ಪಕ್ಕದಲ್ಲೇ ಔಷಧಿ. ಉಪ್ಪು ಇಟ್ಟರೆ ಶಾಲೆ ಮುಟ್ಟುವಷ್ಟರಲ್ಲಿ ನೀರಾಗಿರುತ್ತಿತ್ತು, ಅದಕ್ಕೇ ತಂಬಾಕು.

ಮಗಳಿಗೆ ಇದನ್ನೆಲ್ಲ ಹೇಳಿದೆ. "ಅಮ್ಮಾ, ನೀನು ಐದನೇ ಕ್ಲಾಸಲ್ಲಿ ತಂಬಾಕು ಇಟ್ಕೊಂಡು ಸ್ಕೂಲಿಗೆ ಹೋಗ್ತಿದ್ಯಾ?" ಅಂದಳು. ಅವಳಿಗೆ ಕೇಳಿಸಿದ್ದು ಅಷ್ಟೇ.

ಹೇಳಿ, ನಿಮ್ಮ ಮನೆಯಲ್ಲಿ ಬಟ್ಟೆ ಎಲ್ಲಿ ಒಣಗುತ್ತಿತ್ತು? ಯಾವ ಹೊಗೆ?

ಘಟ್ಟದ ಕೆಳಗಿನವ:

ಎಂತ ನೆನಪು ಮಾಡಿದ್ರಿ ಮಾರಾಯ್ರೆ. ನಾವು ನಿಮ್ಮ ಘಾಟಿ ಇಳಿದರೆ ಸಿಗುವವರು, ಕುಂದಾಪುರ ಕಡೆ. ನೀವು ಮೇಲೆ ನೆನೆದ ನೀರೇ ವಾರಾಹಿಯಲ್ಲಿ ಇಳಿದು ಬಂದು ನಮ್ಮ ಗದ್ದೆಗೆ ನೆರೆ. ಹಾಗಾಗಿ ಒಂದು ಲೆಕ್ಕದಲ್ಲಿ ನನ್ನ ಯೂನಿಫಾರ್ಮ್ ಒದ್ದೆ ಮಾಡಿದ್ದು ನಿಮ್ಮೂರು.

ನಮ್ಮದು ಮಡಲಿನ ಹೊಗೆ, ತೆಂಗಿನ ಸಿಪ್ಪೆ ಹೊಗೆ. ಅಜ್ಜಿ ಇನ್ನೊಂದು ಮಾಡುತ್ತಿದ್ದರು. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಹಾಕಿ, ಅದರ ಮೇಲೆ ಚಡ್ಡಿ ಹರಡುವುದು. ಚಡ್ಡಿ ಒಣಗುತ್ತಿತ್ತು, ಬುಟ್ಟಿಯ ಗೆರೆಯೂ ಬೀಳುತ್ತಿತ್ತು. ಇಸ್ತ್ರಿ ಅಂತ ಬೇರೆ ಇಲ್ಲ.

ಜೇಬಿನ ವಿಷಯ ಬಂತಲ್ಲ, ನಮ್ಮ ಜೇಬಿನಲ್ಲಿ ಸಾಂತಾಣಿ. ಗೊತ್ತಿಲ್ಲದವರಿಗೆ: ಹಲಸಿನ ಬೀಜವನ್ನು ಉಪ್ಪು ನೀರಲ್ಲಿ ಬೇಯಿಸಿ ಬೇಸಿಗೆ ಬಿಸಿಲಲ್ಲಿ ಕಲ್ಲಿನ ಹಾಗೆ ಒಣಗಿಸಿ ಇಡುವುದು. ಒಂದು ಬಾಯಿಗೆ ಹಾಕಿದರೆ ಗಣಿತದ ಪೀರಿಯಡ್ ಪೂರ್ತಿ ಸಾಕು. ಕಚ್ಚಿದರೆ ಸದ್ದು ಬರುತ್ತೆ ಅಂತ ಚೀಪುವುದು. ಹೆಂಚಿನ ಮೇಲೆ ಮಳೆ ಜೋರಾದಾಗ ಮಾತ್ರ ಕಟುಂ ಅಂತ ಕಚ್ಚುವುದು. ನಲವತ್ತು ಮಕ್ಕಳು ಒಂದೇ ಸಲ ಕಚ್ಚಿದರೂ ಆ ಸದ್ದಿನಲ್ಲಿ ಟೀಚರ್‌ಗೆ ಕೇಳುತ್ತಿರಲಿಲ್ಲ.

ಅಂದಹಾಗೆ ಅದು ಉಂಬಳ ಅಲ್ಲ, ಇಂಬಳ.

ಎರೆಹೊಲದ ಹುಡುಗ:

ನಾನು ಯಲಬುರ್ಗಾ ತಾಲ್ಲೂಕಿನವನು, ಕೊಪ್ಪಳ ಜಿಲ್ಲೆ. ನಿಮ್ಮ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ ನೋಡ್ರಿ. ನಮಗೆ ವರ್ಷಕ್ಕೆ ಬರುವುದೇ 600 ಮಿ.ಮೀ. ಆಸುಪಾಸು. ಜುಲೈನಲ್ಲಿ ನಿಮ್ಮೂರಲ್ಲಿ ಅಷ್ಟು ಸುರಿಯಲು ಎರಡು ವಾರ ಸಾಕು. ನಮ್ಮಲ್ಲಿ ಛತ್ರಿ ಇದ್ದದ್ದು ಬಿಸಿಲಿಗೆ.

ಬಟ್ಟೆ ಒಣಗಿಸುವ ಪ್ರಶ್ನೆಯೇ ಇರಲಿಲ್ಲ. ಮಳೆ ಬಂತೆಂದರೆ ಬೇಕಂತಲೇ ನೆನೆಯುತ್ತಿದ್ದೆವು. ನಮ್ಮ ಪಜೀತಿ ಕಾಲಿನದು. ಎರೆ ಮಣ್ಣು ಒದ್ದೆಯಾದರೆ ಚಪ್ಪಲಿ ಬಿಡುವುದಿಲ್ಲ. ಒಂದು ಹೆಜ್ಜೆಗೆ ಒಂದು ಪದರ. ಹತ್ತು ಹೆಜ್ಜೆಗೆ ನಾಲ್ಕು ಬೆರಳು ಎತ್ತರ ಆಗುತ್ತಿದ್ದೆವು, ಕಾಲು ಎತ್ತಿದರೆ ಅರ್ಧ ಹೊಲವೇ ಎದ್ದು ಬಂದಂತೆ. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಸಾಲಿಗೆ. ಬಾಗಿಲಲ್ಲಿ ಕಡ್ಡಿ ಹಿಡಿದು ಕೂತು ಮಣ್ಣು ಕೆರೆಯುವುದರಲ್ಲೇ ಪ್ರಾರ್ಥನೆ ಮುಗಿದಿರುತ್ತಿತ್ತು.

ಮಿರಗ ಮಳೆ ಆದ ಮರುದಿನ ಹೊಲದಲ್ಲಿ ಕೆಂಪು ಮಖಮಲ್ಲಿನಂಥ ಸಣ್ಣ ಹುಳ ಏಳುತ್ತಿದ್ದವು. ಹಿಡಿದು ಕಡ್ಡಿಪೆಟ್ಟಿಗೆಯಲ್ಲಿ ಹುಲ್ಲಿನ ಜೊತೆ ಇಟ್ಟು ಸಾಲಿಗೆ ಒಯ್ಯುತ್ತಿದ್ದೆವು. ಒಂದು ಹುಳಕ್ಕೆ ಎರಡು ಬಳಪ, ಅದೇ ರೇಟು. ಆ ವರ್ಷ ಹುಳ ಜಾಸ್ತಿ ಎದ್ದರೆ ರೇಟು ಒಂದು ಬಳಪಕ್ಕೆ ಇಳಿಯುತ್ತಿತ್ತು.

ಮಳೆ ತಡವಾದರೆ ಗುರ್ಜಿ, ಅಂದರೆ ಹಂಚಿನ ಮೇಲೆ ಸಗಣಿಯಿಂದ ಮಾಡಿದ ಮಳೆ ದೇವರು. ಒಬ್ಬ ಹುಡುಗನ ತಲೆ ಮೇಲೆ ಗುರ್ಜಿ ಹೊರಿಸಿ ಮನೆ ಮನೆಗೆ ಹೋಗುವುದು, ಮನೆಯವರು ಅವನ ತಲೆ ಮೇಲೆ ಕೊಡ ನೀರು ಸುರಿಯುವುದು, ಜೋಳವೋ ಹಿಟ್ಟೋ ಕೊಡುವುದು. ನಾನು ಎರಡು ವರ್ಷ ಹೊತ್ತಿದ್ದೇನೆ. ಮಳೆ ಇಲ್ಲದೆಯೂ ಮೈಯೆಲ್ಲ ತೊಯ್ದು ಮನೆಗೆ ಬಂದವನು ನಾನು. ಹೊಗೆ ವಾಸನೆ ಇಲ್ಲ, ಕ್ಷಮಿಸ್ರಿ.

ಹಳೇ ಮೇಷ್ಟ್ರು:

ನಾನು ಕೊಪ್ಪ, ಶೃಂಗೇರಿ ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೇಜಿನ ಈಚೆಯಿಂದಲೂ ಒಂದು ಮಾತು.

ಹೊಗೆ ವಾಸನೆ ನಿಮಗೆ ಮಾತ್ರ ಅಲ್ಲ, ನಮಗೂ ಇತ್ತು. ನಮ್ಮ ಪಂಚೆಯೂ ಒಲೆ ಮೇಲೆಯೇ ಒಣಗುತ್ತಿತ್ತು. ಕೊಡೆಗಳ ಕತೆ ಯಾರೂ ಹೇಳಲಿಲ್ಲವಲ್ಲ. ಜಗಲಿಯ ಮೂಲೆಯಲ್ಲಿ ಐವತ್ತು ಕರಿ ಕೊಡೆ, ಎಲ್ಲವೂ ಒಂದೇ ತರ. ಅಮ್ಮಂದಿರು ಬಣ್ಣದ ದಾರದಲ್ಲಿ ಮಕ್ಕಳ ಹೆಸರು ಹೊಲಿದು ಕೊಡುತ್ತಿದ್ದರು. ಒಂದನೇ ಕ್ಲಾಸಿನ ಎಷ್ಟೋ ಮಕ್ಕಳು ತಮ್ಮ ಹೆಸರು ಓದಲು ಕಲಿತದ್ದು ಸ್ಲೇಟಿನಲ್ಲಲ್ಲ, ಕೊಡೆಯ ಅಂಚಿನಲ್ಲಿ.

ಮಳೆ ಜೋರಾದರೆ ಪಾಠ ಕೇಳುತ್ತಿರಲಿಲ್ಲ, ನಿಜ. ಆಗ ಮಗ್ಗಿ ಹೇಳಿಸುವುದು. ಹದಿಮೂರರ ಮಗ್ಗಿ ಕಿರುಚಿ ಹೇಳಿದರೆ ಮೈಯೂ ಬೆಚ್ಚಗಾಗುತ್ತದೆ.

ಆದರೆ ನಿಮಗೆ ಖುಷಿಯಾಗಿದ್ದ ಮಳೆ ನಮಗೆ ಹೆದರಿಕೆ. ಹಳ್ಳದ ಆಚೆಯಿಂದ ಬರುವ ಮಕ್ಕಳ ಹೆಸರು ಹಾಜರಿ ಪುಸ್ತಕದ ಕೊನೆ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಹೋಗಿ ನೀರಿನ ಬಣ್ಣ ನೋಡಿ ಬರುವುದು. ಎತ್ತರ ಅಲ್ಲ, ಬಣ್ಣ. ನಮ್ಮಲ್ಲಿ ಮಳೆ ನಿಂತಿದ್ದರೂ ಹಳ್ಳ ಕೆಂಪಗೆ ಬರುತ್ತಿದ್ದರೆ ಮೇಲೆ ಎಲ್ಲೋ ಹೊಡೆಯುತ್ತಿದೆ ಅಂತ ಅರ್ಥ. ಆ ಹನ್ನೊಂದು ಮಕ್ಕಳನ್ನು ತಕ್ಷಣ ಎಬ್ಬಿಸಿ, ಏಳನೇ ಕ್ಲಾಸಿನ ಇಬ್ಬರು ಗಟ್ಟಿ ಹುಡುಗರ ಜೊತೆ ನಾನೂ ಹೋಗಿ ಸಾರ, ಅಂದರೆ ಹಳ್ಳಕ್ಕೆ ಹಾಕಿದ ಕಿರು ಸೇತುವೆ, ದಾಟಿಸಿ ಬರುತ್ತಿದ್ದೆ. ಅಡಿಕೆ ಮರದ ಸಾರ, ಪಾಚಿ ಕಟ್ಟಿ ಜಾರುತ್ತಿತ್ತು. ಉಳಿದ ಮಕ್ಕಳು "ನಮಗೂ ಬೇಗ ಬಿಡಿ ಸಾರ್" ಅಂತ ಗಲಾಟೆ. ಅವರಿಗೆ ಏನು ಹೇಳುವುದು. ಮಳೆಗೆ ಕೊಟ್ಟ ರಜೆಗಳನ್ನೆಲ್ಲ ಆಮೇಲೆ ಶನಿವಾರ ಮಧ್ಯಾಹ್ನ ಕೂರಿಸಿ ತುಂಬಿಸುತ್ತಿದ್ದೆವು, ಅದಕ್ಕೂ ಬೈಸಿಕೊಂಡೆವು.

ಘಟ್ಟದ ಕೆಳಗಿನವ:

ಮೇಷ್ಟ್ರೇ, ನಮ್ಮಲ್ಲಿ ಅದಕ್ಕೆ ಕಾಲುಸಂಕ. ಸಾರ ಅಂದ್ರೆ ನಮಗೆ ನೆನಪಾಗುವುದು ಅನ್ನದ ಮೇಲೆ ಹಾಕಿಕೊಳ್ಳುವುದು. ಆದರೆ ನೀರಿನ ಬಣ್ಣದ ಮಾತು ಸತ್ಯ. ನನ್ನ ಅಪ್ಪನೂ ಬಣ್ಣ ನೋಡಿಯೇ ಹೋಗು, ಬೇಡ ಅಂತ ಹೇಳುತ್ತಿದ್ದರು.

ರಜಾ ರಾಯ:

ನಾನು ಮಂಗಳೂರಿನವನು, ನಿಮಗೆಲ್ಲ ಹೋಲಿಸಿದರೆ ಚಿಕ್ಕವನು. ನಮ್ಮ ಕಾಲಕ್ಕೆ ಬೆಳಿಗ್ಗೆ ಆರು ಗಂಟೆಗೆ ಎದ್ದು ಅಮ್ಮನ ಫೋನಲ್ಲಿ ಡಿಸಿ ರಜೆ ಕೊಟ್ರಾ ಅಂತ ನೋಡೋದು. ಹಳೇ ವರ್ಷದ ಆದೇಶಕ್ಕೆ ತಾರೀಕು ಬದಲಾಯಿಸಿ ಯಾರೋ ಹಾಕಿರುತ್ತಿದ್ದರು. ಅದನ್ನು ನಂಬಿ ಒಂದು ದಿನ ಮಲಗಿದ್ದವನು, ಹತ್ತು ಗಂಟೆಗೆ ಶಾಲೆಯಿಂದ ಫೋನ್ ಬಂದು ಎದ್ದೆ. ಹೊರಗೆ ನೋಡಿದರೆ ಬಿಸಿಲು. ನನ್ನದು ಇಷ್ಟೇ ಕತೆ.

ನಗರದ ಕಡೆಯವಳು:

ಎಲ್ಲರಿಗೂ ಥ್ಯಾಂಕ್ಸ್. ಘಟ್ಟದ ಕೆಳಗಿನವರೇ, ಉಂಬಳವೇ ಸರಿ. ಕಚ್ಚಿಸಿಕೊಂಡವರು ಜಾಸ್ತಿ ನಾವು, ಹೆಸರಿಡುವ ಹಕ್ಕು ನಮ್ಮದು. ಆದರೆ ಸಾಂತಾಣಿ ಸಿಕ್ಕರೆ ಕಳಿಸಿ.

ಯಲಬುರ್ಗಾದವರೇ, ನಿಮ್ಮ ಹುಳದ ರೇಟು ಓದಿ ಮಗಳು ಬಿದ್ದು ಬಿದ್ದು ನಕ್ಕಳು. ಅವಳಿಗೆ ತಂಬಾಕಿನ ಅಮ್ಮನಿಗಿಂತ ನೀವೇ ಇಷ್ಟ ಆದ್ರಿ.

ಮೇಷ್ಟ್ರೇ, ಬೇಗ ಬಿಡಿ ಸಾರ್ ಅಂತ ಗಲಾಟೆ ಮಾಡುತ್ತಿದ್ದವರಲ್ಲಿ ನಾನೂ ಒಬ್ಬಳು, ನಿಮ್ಮ ಶಾಲೆ ಅಲ್ಲದಿದ್ದರೂ. ನಮ್ಮ ಮೇಷ್ಟ್ರು ಊಟದ ಬೆಲ್ ಆದ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಹಳ್ಳದ ಕಡೆ ಹೋಗುತ್ತಿದ್ದರು. ಬೀಡಿ ಸೇದೋಕೆ ಅಂತ ನಾವು ಇಷ್ಟು ವರ್ಷ ಅಂದುಕೊಂಡಿದ್ದೆವು.

ಒಂದು ಬರೆಯೋಕೆ ಮರೆತಿದ್ದೆ. ನಮ್ಮ ಸುತ್ತ ಲಿಂಗನಮಕ್ಕಿ, ಚಕ್ರಾ, ಸಾವೇಹಕ್ಲು, ಮಾಣಿ, ಬರೀ ಡ್ಯಾಂಗಳೇ. ಅಪ್ಪನಿಗೆ ಪೇಪರ್ ಬಂದರೆ ಮೊದಲು ಲಿಂಗನಮಕ್ಕಿ ಎಷ್ಟು ಅಡಿ ಅಂತ ನೋಡಬೇಕು. 1819 ಅಡಿ ಅಂದ್ರೆ ಭರ್ತಿ, ಆ ಲೆಕ್ಕ ನನಗೆ ಮಗ್ಗಿಗಿಂತ ಮುಂಚೆ ಬಾಯಿಗೆ ಬಂದಿತ್ತು. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ನೀರು ನಮ್ಮ ಅಂಗಳದಲ್ಲಿ ಹರಿಯುತ್ತಿತ್ತು, ನಮ್ಮನೆಯಲ್ಲಿ ಮಾತ್ರ ಗಾಳಿಗೆ ಮರ ಬಿದ್ದು ಎಂಟೆಂಟು ದಿನ ಚಿಮಣಿ ಬುಡ್ಡಿ. ಹೋಂವರ್ಕೂ ಬಚ್ಚಲು ಒಲೆ ಬೆಳಕಲ್ಲೇ. ಪುಸ್ತಕಕ್ಕೂ ಅದೇ ವಾಸನೆ.

ಇದನ್ನೆಲ್ಲ ಓದಿ ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಆ ಜೇಬಿನ ಸ್ಕರ್ಟು ಎಲ್ಲಾದರೂ ಇದೆಯಾ, ಅಟ್ಟದ ಮೇಲೆ ಟ್ರಂಕಿನಲ್ಲಿ ನೋಡ್ತೀಯಾ ಅಂತ ಕೇಳಿದೆ.

"ಯಾವ ಕಾಲದ್ದು ಕೇಳ್ತಿ ಮಾರಾಯ್ತಿ. ಅದು ಹಂಡೆ ಇಳಿಸೋ ಮಸಿಬಟ್ಟೆ ಆಗಿ, ಆಮೇಲೆ ಒಲೆಗೇ ಹೋಯ್ತು" ಅಂದಳು.