ಸಹಾಯ ಬೇಕು: ಮನೆಯಲ್ಲೇ ಓದುವ ಮಗಳಿಗೆ ಕಾಲೇಜ್ ಕ್ರೆಡಿಟ್, ಕೆಲಸದ ತರಬೇತಿ

ನಮಸ್ಕಾರ. ನಾವು ಅಮೆರಿಕದಲ್ಲಿದ್ದೇವೆ. ಮಗಳದು ಹೋಮ್‌ಸ್ಕೂಲ್, ಈಗ 11ನೇ ಗ್ರೇಡ್. ಹೈಸ್ಕೂಲ್ ಮುಗಿಯುವುದರೊಳಗೆ ಒಂದಿಷ್ಟು ಕಾಲೇಜ್ ಕ್ರೆಡಿಟ್ (ಮುಗಿಸಿದ ಕೋರ್ಸಿಗೆ ಸಿಗುವ, ಪದವಿಯ ಲೆಕ್ಕಕ್ಕೆ ಸೇರುವ ಅಂಕ) ಗಳಿಸಬೇಕು ಅಂತ ಅವಳಿಗೆ ತುಂಬಾ ಆಸೆ.

ಕಮ್ಯೂನಿಟಿ ಕಾಲೇಜಿನ ಡ್ಯುಯಲ್ ಎನ್‌ರೋಲ್‌ಮೆಂಟ್ ಕಡೆ ನಮ್ಮ ಒಲವು ಜಾಸ್ತಿ. ಒಂದೇ ಕೋರ್ಸ್ ಹೈಸ್ಕೂಲ್, ಕಾಲೇಜ್ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಆದರೆ ಅಲ್ಲಿನ ಗ್ರೇಡ್ ಕಾಲೇಜ್ ದಾಖಲೆಯಲ್ಲಿ ಉಳಿದುಬಿಡುತ್ತದೆ, ಹಾಗಾಗಿ ಸುಮ್ನೆ ಸೇರಿಸಲು ಮನಸ್ಸಿಲ್ಲ. ಟ್ರಾನ್ಸ್‌ಕ್ರಿಪ್ಟ್ (ಹೈಸ್ಕೂಲಿನಲ್ಲಿ ಓದಿದ ವಿಷಯ, ಗ್ರೇಡುಗಳ ದಾಖಲೆ) ನಾವೇ ಬರೆಯಬೇಕು. ಅಡುಗೆಮನೆಯ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇಟ್ಟು ಮಾಡಿದ ಬಯಾಲಜಿ ಲ್ಯಾಬನ್ನು ನೀವು ಅದರಲ್ಲಿ ಹೇಗೆ ತೋರಿಸಿದಿರಿ? ಯಾರಾದರೂ ಮಾದರಿ ಕೊಟ್ಟರೆ ದೊಡ್ಡ ಉಪಕಾರ.

ಪಾಸಾದರೆ ಕಾಲೇಜ್ ಕ್ರೆಡಿಟ್ ಸಿಗಬಹುದಾದ ಕ್ಲೆಪ್ (CLEP) ಪರೀಕ್ಷೆಯೂ ಇದೆ. 20ರಿಂದ 80ರ ಅಳತೆಯಲ್ಲಿ ಸಾಮಾನ್ಯವಾಗಿ 50 ಬಂದರೆ ಸಾಕು, ಆದರೆ ಒಪ್ಪುವುದು ಬಿಡುವುದು ಆಯಾ ಕಾಲೇಜಿಗೆ ಬಿಟ್ಟಿದ್ದು. ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜ್ ಮಟ್ಟದ ಎಪಿ (AP) ಪರೀಕ್ಷೆ ಮೇ ತಿಂಗಳಲ್ಲಿ. ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳುವ ಶಾಲೆಯನ್ನು ನೀವು ಹೇಗೆ ಹುಡುಕಿದಿರಿ?

ಅವಳಿಗೆ ನರ್ಸಿಂಗ್ ಇಷ್ಟ. ನರ್ಸಿಂಗ್ ಅಸಿಸ್ಟೆಂಟ್ ತರಬೇತಿಯನ್ನು ಹೈಸ್ಕೂಲ್‌ನಲ್ಲೇ ಮುಗಿಸಿದ ಮಕ್ಕಳಿದ್ದರೆ ದಯವಿಟ್ಟು ಹೇಳಿ. ವಯಸ್ಸಿನ ಮಿತಿ, ರೋಗಿಗಳ ಜೊತೆ ಕಲಿಯುವ ಗಂಟೆಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಹಾಗಾಗಿ ನಿಮ್ಮ ರಾಜ್ಯ ಯಾವುದು ಅಂತಲೂ ಬರೆಯಿರಿ.