ಐಸ್ ಹಾಕಿ ಆಡುವ ಅಳಿಯ ಬದಿಯಡ್ಕಕ್ಕೆ ಬಂದಿದ್ದಾನೆ, ಏನು ಮಾಡಿಸಲಿ?

ತೋಟದಮನೆ:
ತಂಗಿಯ ಮಗ, 11 ವರ್ಷ. ಕೆನಡಾದ ಟೊರೊಂಟೊದಲ್ಲಿ ಐಸ್ ಹಾಕಿ, ಅಂದ್ರೆ ಸ್ಕೇಟ್ ಕಟ್ಟಿ ಮಂಜುಗಡ್ಡೆ ಮೇಲೆ ಆಡೋ ಹಾಕಿ, ಆಡ್ತಾನೆ. ರಜೆ, ಆಗಸ್ಟ್ ಕೊನೆವರೆಗೆ ನಮ್ಮಲ್ಲೇ. ಇಲ್ಲಿ ಐಸ್ ಅಂದ್ರೆ ಮೀನಿನವನ ಪೆಟ್ಟಿಗೆಯಲ್ಲಿ ಇರೋದು ಮಾತ್ರ. ಎರಡು ತಿಂಗಳು ಸ್ಕೇಟ್ ಹಾಕದಿದ್ರೆ ಹಿಂದೆ ಬೀಳ್ತಾನೆ, ಡಂಬೆಲ್ ಆದ್ರೂ ತರಿಸು ಅಂತ ತಂಗಿಯ ಒತ್ತಾಯ. ಇವನು ಜಗಲಿಯಲ್ಲಿ ಸ್ಟಿಕ್ ಹಿಡಿದು ಟೆನಿಸ್ ಚೆಂಡು ತಳ್ತಾ ಅಮ್ಮನ ಎಲೆತಟ್ಟೆ ಎರಡು ಸಲ ಉರುಳಿಸಿದ್ದಾನೆ.

ಕುಂಬಳೆ ರೈಡರ್:
ಕಬಡ್ಡಿಗೆ ಕಳಿಸಿ ಮಾರಾಯ್ರೆ.

ಹಳೇ ಪಿ.ಟಿ. ಮಾಷ್ಟ್ರು:
ಐಸ್ ಹಾಕಿ ನಾನು ಟಿವಿಯಲ್ಲಿ ಮಾತ್ರ ಕಂಡವನು. ಆದರೆ ಬೆಳೆಯುವ ಮಕ್ಕಳ ಮೊಣಕಾಲು ಗೊತ್ತು. ನನ್ನ ಹತ್ತಿರ ಒಬ್ಬ ಕಬಡ್ಡಿ ಹುಡುಗ ಇದ್ದ, 13 ವರ್ಷ, ವರ್ಷಪೂರ್ತಿ ಅದೊಂದೇ ಆಟ. ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಅಂದ. ನೆಪ ಅಂದುಕೊಂಡು ಇನ್ನೆರಡು ಸುತ್ತು ಓಡಿಸಿದೆ. ಆಮೇಲೆ ನೋಡಿದರೆ ಅಲ್ಲಿ ಸಣ್ಣ ಗೋಲಿಯಷ್ಟು ಗಂಟು. ಓಸ್‌ಗುಡ್-ಶ್ಲಾಟರ್ ಅಂತಾರೆ. ಮೂಳೆ ಇನ್ನೂ ಎಳೆಯದು, ತೊಡೆಯ ಸ್ನಾಯು ಅದೇ ಜಾಗವನ್ನು ಎಳೀತಾ ಇರುತ್ತದೆ. ಆ ಎರಡು ಸುತ್ತು ನನಗೆ ಈಗಲೂ ಚುಚ್ಚುತ್ತದೆ.

ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘವೇ ಹೇಳುತ್ತದೆ, ಒಂದೇ ಆಟ ಆಡುವ ಮಕ್ಕಳಿಗೆ ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಅದರಿಂದ ಬಿಡುವು ಬೇಕು ಅಂತ. ಹಾಗಾಗಿ ಈ ರಜೆ ನಷ್ಟ ಅಲ್ಲ. ಅಲ್ಲಿನವರೂ ಅವಸರ ಬಿಟ್ಟಿದ್ದಾರೆ. ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಗುದ್ದುವುದನ್ನು 11-12ರ ಮಕ್ಕಳಿಗೆ ಅಮೆರಿಕದಲ್ಲಿ 2011ರಲ್ಲಿ, ಕೆನಡಾದಲ್ಲಿ 2013ರಲ್ಲಿ ನಿಲ್ಲಿಸಿದರು.

ಸ್ಕೇಟಿಂಗಿನಲ್ಲಿ ಸದಾ ಬಗ್ಗಿದ ಸೊಂಟ, ಹೊರಕ್ಕೆ ತಳ್ಳುವ ಕಾಲು. ಇಲ್ಲಿ ಬೇರೆ ಥರ ಆಡಲಿ. ಮರ ಹತ್ತಲಿ, ಕುಕ್ಕರಗಾಲಲ್ಲಿ ಕೂತು ಅಡಕೆ ಹೆಕ್ಕಲಿ, ಕೆಸರುಗದ್ದೆಯಲ್ಲಿ ಓಡಲಿ. ಕೆರೆ ಈಗ ತುಂಬಿರುತ್ತದೆ, ದೊಡ್ಡವರಿಲ್ಲದೆ ಇಳಿಸಬೇಡಿ. ಡಂಬೆಲ್‌ನಿಂದ ಎತ್ತರ ನಿಲ್ಲುತ್ತದೆ ಅನ್ನೋದು ಸುಳ್ಳು, ಹೇಳಿಕೊಡುವವರಿದ್ದರೆ ತೊಂದರೆ ಇಲ್ಲ. ಆದರೆ ತೋಟದಿಂದ ಹುಲ್ಲಿನ ಕಟ್ಟ ಹೊರುವ ಮನೆಯಲ್ಲಿ ಅದು ಯಾಕೆ? ಚೆಂಡು ತಳ್ಳೋದು ಇರಲಿ, ಖುಷಿಗೆ. ಎಲೆತಟ್ಟೆ ಮಾತ್ರ ಮೇಲೆ ಇಡಿ.

ತೋಟದಮನೆ:
ನಮ್ಮ ಅಂಗಳವೇ ಪಾಚಿ ಹಿಡಿದು ಐಸ್ ಆಗಿದೆ ಮಾಷ್ಟ್ರೇ, ಸೋಗೆ ಹಾಸಿ ನಡೀತಿದ್ದೇವೆ. ನಿನ್ನೆ ಗದ್ದೆಯಲ್ಲಿ ಮೂರು ಸಲ ಬಿದ್ದ, ನಾಲ್ಕನೇ ಸಲ ಬೇಕಂತಲೇ. ನೀವು ಹೇಳಿದ ಜಾಗ ಒತ್ತಿ ನೋಡಿದೆ. ಎಡಗಾಲು ಸರಕ್ಕನೆ ಎಳಕೊಂಡ.

ಹಳೇ ಪಿ.ಟಿ. ಮಾಷ್ಟ್ರು:
ಹಾಗಾದರೆ ಓಟ, ಜಿಗಿತ ಸದ್ಯ ಬೇಡ. ಈ ವಾರವೇ ಡಾಕ್ಟರಿಗೆ ತೋರಿಸಿ. ತಂಗಿಗೂ ತಿಳಿಸಿ, ಅಲ್ಲಿನ ಕೋಚಿಗೆ ಗೊತ್ತಾಗಬೇಕು.