ಕಂಪ್ಯೂಟರಿನ ‘ವಿಶೇಷಣ’, ‘ಸಿಪಿಯು’, ‘ಮೆಮೊರಿ’: ಯಾವ ಪದಕ್ಕೆ ಯಾವ ಅರ್ಥ?

ಕೇಳಿಕೆ:
ಮನೆಬಳಕೆಗೂ ಗೇಮಿಂಗಿಗೂ ಆಗುವ ಡೆಸ್ಕ್‌ಟಾಪ್ ಆರಿಸಿಕೊಳ್ಳುವವರಿಗೆ ಕನ್ನಡದಲ್ಲೊಂದು ಕೈಪಿಡಿ ಬೇಕಾಗಿದೆ. ‘ಸ್ಪೆಸಿಫಿಕೇಶನ್’ ಎನ್ನಲು ‘ವಿಶೇಷಣ’ ಎಂದು ಬರೆಯುವುದು ಈಗ ಮೊಬೈಲ್ ಸುದ್ದಿಗಳಲ್ಲಿ ಕಾಣುತ್ತದೆ. ಸರಿಯೇ? ‘ಸಿಪಿಯು’, ‘ಮೆಮೊರಿ’ಗಳನ್ನು ಕನ್ನಡಿಸಬೇಕೇ, ಹಾಗೇ ಬಿಡಬೇಕೇ?

ಉತ್ತರ 1:
‘ವಿಶೇಷಣ’ ಬೇಡ. ವ್ಯಾಕರಣ ಓದಿದವರಿಗೆ ಅದು ‘ದೊಡ್ಡ ಮನೆ’ಯಲ್ಲಿರುವ ‘ದೊಡ್ಡ’. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೇಳುವ ಮಾತು ‘ಕಾನ್ಫಿಗರೇಶನ್’. ಎರಡೂ ಒಂದೇ ಅಲ್ಲ ಎಂಬುದನ್ನು ಕೈಪಿಡಿ ಉಳಿಸಿಕೊಳ್ಳಲಿ: ಒಂದು ಬಿಡಿಭಾಗದ ಅಳತೆ, ಸಾಮರ್ಥ್ಯ ಹೇಳುವಾಗ ‘ತಾಂತ್ರಿಕ ವಿವರ’, ಯಾವುದರ ಜೊತೆ ಯಾವುದು ಎಂದು ಹೇಳುವಾಗ ‘ಕಾನ್ಫಿಗರೇಶನ್’.

‘ವಿಶೇಷಣ’ದಂಥ ತಲೆಬರಹ ತಪ್ಪಿದರೆ ನಷ್ಟವೇನಿಲ್ಲ. ‘ಸಿಪಿಯು’ ತಪ್ಪಿದರೆ ದುಡ್ಡು ಹೋಗುತ್ತದೆ. ನಮ್ಮಲ್ಲಿ ಮೇಜಿನ ಕೆಳಗಿನ ಡಬ್ಬವೇ ಸಿಪಿಯು. ಪಠ್ಯಪುಸ್ತಕದ ‘ಕೇಂದ್ರ ಸಂಸ್ಕರಣಾ ಘಟಕ’ವೋ ಅದರೊಳಗಿನ ಒಂದು ಚಿಪ್. ‘ಸಿಪಿಯು ಬದಲಿಸಬೇಕು’ ಎಂದರೆ ಯಾವುದನ್ನು? ಚಿಪ್ಪಿಗೆ ‘ಪ್ರೊಸೆಸರ್’, ಡಬ್ಬಕ್ಕೆ ‘ಕ್ಯಾಬಿನೆಟ್’ ಎಂದು ಬರೆದು ‘ಸಿಪಿಯು’ವನ್ನು ಕೈಬಿಡುವುದು ಲೇಸು. ಪ್ರೊಸೆಸರಿನ ಹೆಸರಲ್ಲಿ ಕೊನೆಯ ಅಕ್ಷರವನ್ನಂತೂ ನುಂಗಲೇಬಾರದು. ಇಂಟೆಲ್‌ನ ಐ5-12400 ಮತ್ತು ಐ5-12400ಎಫ್ ನಡುವೆ ಇರುವುದು ಒಂದೇ ‘ಎಫ್’. ಅದಿದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಬರೆಯುವ ಭಾಗ) ಇಲ್ಲ, ಬೇರೆ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡದು. ಇನ್ನೊಂದು ಕಂಪನಿ ಎಎಂಡಿಯ 5000 ಸರಣಿಯಲ್ಲಿ ಲೆಕ್ಕ ತಿರುಗುಮುರುಗು: ರೈಜೆನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

‘ಮೆಮೊರಿ’ ಇನ್ನೂ ಗೋಜಲು. ಫೋನ್ ಬಳಸಿ ರೂಢಿಯಾದವರಿಗೆ ಅದು ಫೋಟೋ ತುಂಬಿಡುವ ಜಾಗ, ಅಂಗಡಿಯವರಿಗೆ ಕೆಲಸ ನಡೆಯುವಾಗ ದತ್ತಾಂಶ ಇರಿಸುವ ರ‍್ಯಾಮ್, ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯ ಮೇಲೆ ಆ ಕಾರ್ಡಿನದೇ ವಿ-ರ‍್ಯಾಮ್. ‘8 ಜಿಬಿ ಮೆಮೊರಿ’ ಮೂರಕ್ಕೂ ಹೊಂದುತ್ತದೆ. ‘ನೆನಪು’, ‘ಸ್ಮೃತಿ’ ಎಂದು ಕನ್ನಡಿಸಿದರೂ ಗೋಜಲು ಬಿಡದು. (ಕರೆಂಟು ಹೋದೊಡನೆ ಎಲ್ಲ ಅಳಿಸಿಕೊಳ್ಳುವ ರ‍್ಯಾಮ್‌ಗೆ ‘ಮರೆವು’ ಎಂದೇ ಹೆಸರಿಡಬಹುದಿತ್ತು!) ರ‍್ಯಾಮ್, ವಿ-ರ‍್ಯಾಮ್, ಸ್ಟೋರೇಜ್ ಎಂದು ಬಿಡಿಸಿ ಬರೆಯಿರಿ.

ರ‍್ಯಾಮ್ ಎಷ್ಟು ಎಂಬುದರ ಜೊತೆಗೆ ಎಷ್ಟು ಪಟ್ಟಿ (ಬೋರ್ಡಿಗೆ ಚುಚ್ಚುವ ರ‍್ಯಾಮ್ ತುಂಡು) ಎಂಬುದೂ ಬೇಕು. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಗೇಮಿಗೆ ಮೇಲು, ಎರಡು ಚಾನೆಲ್‌ಗಳಲ್ಲಿ ದತ್ತಾಂಶ ಓಡಾಡುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು. ‘3200 ಮೆಗಾಹರ್ಟ್ಸ್’ ಎಂದು ಅದರ ವೇಗ ಹೇಳುವ ರೂಢಿಯೂ ತಪ್ಪೇ. ಡಿಡಿಆರ್4-3200 ಎಂಬ ರ‍್ಯಾಮಿನ ಗಡಿಯಾರ ಮಿಡಿಯುವುದು 1600 ಮೆಗಾಹರ್ಟ್ಸ್‌ನಲ್ಲಿ, ಮಿಡಿತಕ್ಕೆ ಎರಡು ವರ್ಗಾವಣೆ. ಕಂಪ್ಯೂಟರ್ ಶುರುವಾಗುವಾಗ ಓಡುವ ತಂತ್ರಾಂಶವಾದ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಪಟ್ಟಿಯನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಎಷ್ಟೋ ಪಟ್ಟಿಗಳು 2133 ಅಥವಾ 2400ರಲ್ಲೇ ತೆವಳುತ್ತವೆ.

‘ಎಂ.2’ ಎಂಬುದು ಎಸ್‌ಎಸ್‌ಡಿಯ (ಚಿಪ್ಪುಗಳಿಂದಾದ ಸ್ಟೋರೇಜ್) ಆಕಾರದ ಹೆಸರು, ವೇಗದ್ದಲ್ಲ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಅದೇ ಆಕಾರದಲ್ಲಿ ಸಾಟಾ ಎಂಬ ಹಳೆಯ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಪಿಸಿಐಇ 3.0 ಎಂಬ ವೇಗದ ಸಂಪರ್ಕದ ಎನ್‌ವಿಎಂಇ 3500ರ ಹತ್ತಿರ ಹೋಗಬಲ್ಲದು. ಹಾಗಾಗಿ ‘ಎನ್‌ವಿಎಂಇ’ ಎಂಬ ಪದ ಬಿಲ್ಲಿನಲ್ಲಿ ಇರಲೇಬೇಕು.

ಉತ್ತರ 2:
ಮೇಲಿನದಕ್ಕೆ ಬಹುಮಟ್ಟಿಗೆ ಒಪ್ಪಿಗೆ. ‘ಸ್ಟೋರೇಜ್’ಗೆ ಮಾತ್ರ ‘ಸಂಗ್ರಹ’ ಎಂದರೂ ಯಾರಿಗೂ ತೊಡಕಾಗದು. ಪವರ್ ಸಪ್ಲೈಗೆ ನಮ್ಮಲ್ಲಿ ಬೇರೂರಿದ ‘ಎಸ್‌ಎಂಪಿಎಸ್’ ಉಳಿಯಲಿ. ಅದರ ಮೇಲಿನ ‘80 ಪ್ಲಸ್’ ಓದಿ, 550 ವ್ಯಾಟಿನಲ್ಲಿ 440 ಮಾತ್ರ ಸಿಗುತ್ತದೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಅದು ದಕ್ಷತೆಯ ಗುರುತು: 550 ಪೂರ್ತಿ ಬಿಡಿಭಾಗಗಳಿಗೆ ದೊರೆಯುತ್ತದೆ, ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚು.

ಇನ್ನೊಂದು ಜೋಡಿ ಬಿಟ್ಟುಹೋಗಿದೆ. ‘ಫ್ರೇಮ್ ರೇಟ್’ಗೆ ‘ಚೌಕಟ್ಟು ದರ’ ಎಂದು ಬರೆದರೆ ಬಡಗಿಯ ಅಂಗಡಿಯ ಬೆಲೆಪಟ್ಟಿಯಂತೆ ಕೇಳುತ್ತದೆ. ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ಬರೆಯುತ್ತದೆಯೋ ಅದು ಎಫ್‌ಪಿಎಸ್. ಮಾನಿಟರ್ ಎಷ್ಟು ಸಲ ತಾಜಾ ಮಾಡುತ್ತದೆಯೋ ಅದು ರಿಫ್ರೆಶ್ ರೇಟ್, ಹರ್ಟ್ಸ್‌ನಲ್ಲಿ. 144 ಹರ್ಟ್ಸ್ ಮಾನಿಟರ್ ತಂದರೂ ವಿಂಡೋಸ್ 60ರಲ್ಲೇ ನಿಂತಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಬದಲಿಸಬೇಕು. ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದೆಯೇ ಎಂದೂ ನೋಡಿಕೊಳ್ಳಬೇಕು.